ಗಡಿ ದಾಟುವ ಹೊಗೆಗೆ ಕಾನೂನಿನ ಮಿತಿ

ನಮ್ಮ ಒಲೆಯ ಹೊಗೆಯಿಂದ ಪಕ್ಕದ ಮನೆಯ ಮಗು ಕೆಮ್ಮುತ್ತಿದ್ದರೆ ‘ಒಲೆ ನಮ್ಮದು’ ಎಂದು ನಾವು ಸುಮ್ಮನಿರಲಾಗದು, ನೆರೆಯವರಿಗೆ ಹಕ್ಕಿದೆ. ಯುರೋಪಿನ ದೇಶಗಳ ನಡುವೆಯೂ ಇದೇ ಪ್ರಶ್ನೆ ಎದ್ದಿತ್ತು. ಬ್ರಿಟನ್, ಜರ್ಮನಿಗಳ ಕಲ್ಲಿದ್ದಲ ಹೊಗೆ ಗಾಳಿಯೊಡನೆ ಸಾಗಿ ಆಮ್ಲಮಳೆಯಾಗಿ ಸುರಿಯಿತು. ಸ್ವೀಡನ್, ನಾರ್ವೆಯ ಸರೋವರಗಳಲ್ಲಿ ಮೀನುಗಳು ಸತ್ತವು. 1979ರಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. 2001ರಲ್ಲಿ ಐರೋಪ್ಯ ಒಕ್ಕೂಟವು ಪ್ರತಿ ಸದಸ್ಯ ದೇಶ ವರ್ಷಕ್ಕೆ ಎಷ್ಟು ಟನ್ ಮಾಲಿನ್ಯ ಹೊರಬಿಡಬಹುದೆಂದು ಕಾನೂನಿನಲ್ಲೇ ಬರೆಯಿತು. ಒಂದೊಂದು ಊರಿನ ಗಾಳಿ ಎಷ್ಟು ಕೆಟ್ಟಿದೆ ಎಂಬುದು ಬೇರೆ ಮಾತು; ಇದು ಕಾರ್ಖಾನೆ, ವಾಹನ, ಹೊಲ ಎಲ್ಲ ಸೇರಿದ ದೇಶದ ಲೆಕ್ಕ.

2016ರ ಹೊಸ ಕಾನೂನಿನಲ್ಲಿ ಐದು ಮಾಲಿನ್ಯಕಾರಕಗಳಿವೆ. 2005ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಇಡೀ ಒಕ್ಕೂಟದಲ್ಲಿ ಸಲ್ಫರ್ ಡೈಆಕ್ಸೈಡ್ ಶೇ. 79, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳು ಶೇ. 49 ತಗ್ಗಬೇಕು. ಅಮೋನಿಯಾಕ್ಕೆ ಮಾತ್ರ ಶೇ. 19. ಅದು ಹೆಚ್ಚಾಗಿ ಬರುವುದು ಜಾನುವಾರುಗಳ ಸಗಣಿ, ಗಂಜಲ ಮತ್ತು ರಸಗೊಬ್ಬರದಿಂದ. ರೈತರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾವ ಸರಕಾರಕ್ಕೂ ಇರಲಿಲ್ಲವೇನೋ ಎಂದು ನಮಗನಿಸುತ್ತದೆ.

ಮಾತಿಗೆ ತಪ್ಪಿದರೆ ಸರಕಾರವನ್ನೇ ನ್ಯಾಯಾಲಯಕ್ಕೆ ಎಳೆಯಬಹುದು. 2024ರ ಜುಲೈಯಲ್ಲಿ ಪರಿಸರ ಸಂಘಟನೆಯೊಂದು ಹೂಡಿದ ದಾವೆಯಲ್ಲಿ, ಜರ್ಮನಿ ಸರಕಾರದ ಯೋಜನೆ ಸಾಲದು, ಅದನ್ನು ತಿದ್ದಬೇಕು ಎಂದು ಬರ್ಲಿನ್‌ನ ಉನ್ನತ ಆಡಳಿತ ನ್ಯಾಯಾಲಯ ತೀರ್ಪಿತ್ತಿತು.