ಒಲೆಯಿಲ್ಲದ ಉಪಾಹಾರ: ಚಿಯಾ ಬೀಜ ಮತ್ತು ಹಣ್ಣಿನ ಪದರು

ಊರು ಬಿಟ್ಟು ಪರಸ್ಥಳದಲ್ಲಿ ಒಂಟಿಯಾಗಿ ಖೋಲಿ ಹಿಡಿದುಕೊಂಡಿರುವ ನಮ್ಮವರಿಗೆ ದೊಡ್ಡ ಅಡಚಣಿಯೆಂದರೆ ಬೆಳಗಿನ ತಿಂಡಿ. ಏಳರ ಪಾಳಿಗೆ ಹೋಗುವವನ ಪಾಲಿಗೆ ಖಾನಾವಳಿಯ ಬಾಗಿಲು ಇನ್ನೂ ತೆರೆದಿರುವದಿಲ್ಲ. ಎಂಟರ ಲೋಕಲ್ ಹಿಡಿಯಬೇಕಾದ ಗುಮಾಸ್ತನಿಗೆ ಒಲೆ ಹೊತ್ತಿಸಲು ವೇಳೆ ಸಾಲದು. ಕೆಲವು ಮನೆಮಾಲಕರು ಖೋಲಿಯಲ್ಲಿ ಅಡಿಗೆ ಮಾಡಲು ಒಪ್ಪುವದೂ ಇಲ್ಲ. ಹೀಗಾಗಿ ಒಂದು ಕಪ್ ಚಹದ ಮೇಲೆಯೇ ಮಧ್ಯಾಹ್ನದವರೆಗೆ ದಿನ ನೂಕುವವರು ನಮ್ಮಲ್ಲಿ ಬಹಳ. ಇಂಥವರಿಗೆ ಒಂದು ಗಾಜಿನ ಗ್ಲಾಸು, ಒಂದು ಚಮಚೆ, ಅರ್ಧ ತಾಸಿನ ತಾಳ್ಮೆ ಇಷ್ಟರಿಂದಲೇ ಆಗತಕ್ಕ ತಿಂಡಿಯೊಂದನ್ನು ಇಲ್ಲಿ ವಿವರಿಸಲಾಗಿದೆ. ಅದೇ ಚಿಯಾ ಬೀಜದ ಬಣ್ಣಬಣ್ಣದ ಪದರು ಪುಡಿಂಗು.

ಈ ಬೀಜ ಯಾವುದು?

ಚಿಯಾ ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ ಒಂದು ಗಿಡದ ಬೀಜ. ಅದರ ತವರು ಮೆಕ್ಸಿಕೊ ಮತ್ತು ಗ್ವಾಟೆಮಾಲಾ. 1521ರಲ್ಲಿ ಸ್ಪೇನಿನವರು ಗೆದ್ದುಕೊಳ್ಳುವ ಮೊದಲು ಅಲ್ಲಿ ಆಳುತ್ತಿದ್ದ ಅಜ್ಟೆಕ್ ಜನರಿಗೆ ಮೆಕ್ಕೆಜೋಳ, ಅವರೆ ಜಾತಿಯ ಕಾಳುಗಳೊಡನೆ ಚಿಯಾ ಕೂಡ ನಿತ್ಯದ ಆಹಾರವಾಗಿತ್ತು. ಅಧೀನ ಪ್ರಾಂತಗಳಿಂದ ಕಪ್ಪಕಾಣಿಕೆಯಾಗಿಯೂ ಅದು ರಾಜಧಾನಿಗೆ ಬರುತ್ತಿತ್ತು. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದಕ್ಕೆ ‘ಸಾಲ್ವಿಯಾ ಹಿಸ್ಪಾನಿಕಾ’ ಎಂದು ಹೆಸರಿಟ್ಟನು. ‘ಹಿಸ್ಪಾನಿಕಾ’ ಎಂದರೆ ಸ್ಪೇನಿನದು ಎಂದರ್ಥ. ಗಿಡ ಮೆಕ್ಸಿಕೊದ್ದಾದರೂ ಹೆಸರು ಮಾತ್ರ ಸ್ಪೇನಿನದಾಯಿತು. ಇಂದಿಗೂ ಮೆಕ್ಸಿಕೊದಲ್ಲಿ ನಿಂಬೆಹಣ್ಣಿನ ಪಾನಕಕ್ಕೆ ಈ ಬೀಜ ಹಾಕಿ ಕುಡಿಯುವ ರೂಢಿಯಿದೆ.

ಕನ್ನಡಿಗರಿಗೆ ಇದು ಈಗ ತೀರ ಪರದೇಶದ ವಸ್ತುವಾಗಿ ಉಳಿದಿಲ್ಲ. 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈ ಬೆಳೆಯನ್ನು ರೈತರಿಗೆ ಪರಿಚಯಿಸಿತು. 2010ರ ದಶಕದಿಂದ ಮೈಸೂರು ಭಾಗದ ಹೊಲಗಳಲ್ಲಿ ಚಿಯಾ ಬೆಳೆಯುತ್ತಿದೆ.

ಕಾಮಕಸ್ತೂರಿ ಬೇರೆ, ಚಿಯಾ ಬೇರೆ

ಮುಂಬಯಿಯ ಫಾಲೂದಾದಲ್ಲಿ ತೇಲುವ ಕರಿಯ ಬೀಜವನ್ನೇ ಚಿಯಾ ಎಂದು ಅನೇಕರು ತಿಳಿದಿದ್ದಾರೆ. ಅದು ಸಬ್ಜಾ, ಅಂದರೆ ನಮ್ಮ ಕಾಮಕಸ್ತೂರಿ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರುವದುಂಟು. ಆದಕಾರಣ ದುಡ್ಡು ಕೊಡುವ ಮೊದಲು ಅಂಗೈಯಲ್ಲಿ ಹಾಕಿ ನೋಡಬೇಕು. ಕಾಮಕಸ್ತೂರಿ ಒಂದೇ ಸಮನೆ ಕಪ್ಪಗಿರುತ್ತದೆ. ಚಿಯಾ ಬೂದು, ಕಂದು, ಬಿಳಿ ಬಣ್ಣಗಳ ಸಣ್ಣ ಚುಕ್ಕೆಗೆರೆಗಳುಳ್ಳದ್ದು, ಮೊಟ್ಟೆಯಾಕಾರದ್ದು. ನೀರಿಗೆ ಹಾಕಿದರೆ ಕಾಮಕಸ್ತೂರಿ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಚಿಯಾ ನಿಧಾನವಾಗಿ ಉಬ್ಬಿ, ಸುತ್ತಲಿನ ದ್ರವವನ್ನೂ ಗಟ್ಟಿಯಾಗಿಸುತ್ತದೆ. ಪುಡಿಂಗಿಗೆ ಬೇಕಾದ ಗುಣ ಈ ಎರಡನೆಯದು.

ಗಟ್ಟಿಯಾಗುವದೇಕೆ?

ಬೀಜದ ಹೊರಸಿಪ್ಪೆಯಲ್ಲಿ ಲೋಳೆಯಾಗತಕ್ಕ ನಾರಿನ ಅಂಶವಿದೆ. ನೀರು ತಾಕಿದೊಡನೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಹೊರಚಾಚಿ, ಬೀಜದ ತೂಕದ ಹತ್ತು ಪಟ್ಟಿನಷ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಕುದಿಸುವ ಕೆಲಸವಿಲ್ಲ. ಹೀಗೆ ಗಟ್ಟಿಯಾದ ಪದರಿನ ಮೇಲೆ ಹಣ್ಣಿನ ರಸವಿಟ್ಟರೆ ಅದು ಕೆಳಗಿಳಿಯದೆ ನಿಲ್ಲುತ್ತದೆ. ಪದರುಗಳ ಗುಟ್ಟು ಇಷ್ಟೆ.

ಮಾಡತಕ್ಕ ವಿಧಾನ

ಒಬ್ಬರಿಗೆ ಬೇಕಾಗುವ ಸಾಮಾನು: ಚಿಯಾ 2 ದೊಡ್ಡ ಚಮಚೆ (ಸುಮಾರು 25 ಗ್ರಾಂ), ಹಾಲು 150 ಮಿ.ಲೀ., ಬೆಲ್ಲದ ಪುಡಿ ಅಥವಾ ಸಕ್ಕರೆ 1 ಚಮಚೆ, ಮಾವಿನ ಹಣ್ಣಿನ ತಿರುಳು ಅರ್ಧ ಬಟ್ಟಲು, ದಾಳಿಂಬೆಯ ಕಾಳು ಒಂದು ಹಿಡಿ, ಹಸಿರು ದ್ರಾಕ್ಷಿ ನಾಲ್ಕಾರು. ಬಿಡಿಯಾಗಿ ಕೊಂಡ ಹಾಲನ್ನು ಕಾಯಿಸಿ ಆರಿಸದೆ ಉಪಯೋಗಿಸಕೂಡದು. ಒಲೆಯೇ ಇಲ್ಲದವರು 100 ಮಿ.ಲೀ. ಮೊಸರಿಗೆ 50 ಮಿ.ಲೀ. ಕುಡಿಯುವ ನೀರು ಕೂಡಿಸಿ ಕಡೆದುಕೊಂಡರೆ ಸಾಕು.

1. ಹಾಲಿನಲ್ಲಿ ಸಿಹಿ ಕರಗಿಸಿ, ಬೀಜ ಹಾಕಿ ಚೆನ್ನಾಗಿ ಕಲಸಬೇಕು.
2. ಹತ್ತು ನಿಮಿಷಗಳ ತರುವಾಯ ಮತ್ತೊಮ್ಮೆ ಕಲಸಬೇಕು. ಇದನ್ನು ಬಿಟ್ಟರೆ ಬೀಜಗಳು ತಳದಲ್ಲಿ ಗಂಟುಕಟ್ಟಿ, ಮೇಲೆ ಬರೇ ಹಾಲು ಉಳಿಯುತ್ತದೆ.
3. ಅರ್ಧ ತಾಸು ಮುಚ್ಚಿಡಬೇಕು. ಸ್ನಾನ ಮುಗಿಸಿ ಬರುವಷ್ಟರಲ್ಲಿ ತಿನ್ನುವ ಹದಕ್ಕೆ ಬಂದಿರುತ್ತದೆ. ಎರಡು ತಾಸು ತಂಪಿನಲ್ಲಿಟ್ಟರೆ ಇನ್ನೂ ಗಟ್ಟಿ. ಚಮಚೆಯಿಂದ ಗೆರೆ ಎಳೆದರೆ ಅದು ಕೂಡಲೇ ಮುಚ್ಚಿಕೊಳ್ಳಬಾರದು, ಅದೇ ಗುರುತು.
4. ಗ್ಲಾಸಿನ ತಳಕ್ಕೆ ಮಾವಿನ ತಿರುಳು, ಅದರ ಮೇಲೆ ಬೆಳ್ಳನೆಯ ಚಿಯಾ, ಅದರ ಮೇಲೆ ಕೆಂಪು ದಾಳಿಂಬೆ, ತುದಿಗೆ ಸೀಳಿದ ಹಸಿರು ದ್ರಾಕ್ಷಿ. ಒಂದೊಂದನ್ನೂ ಅಂಚಿನಿಂದ ಮೆಲ್ಲಗೆ ಇಳಿಸಿದರೆ ಬಣ್ಣಗಳು ಕಲಸುವದಿಲ್ಲ.

ಮಾವಿನ ಕಾಲ ಕಳೆದಾಗ ಹಿಸುಕಿದ ಚಿಕ್ಕು ಅಥವಾ ಬಾಳೆಹಣ್ಣು ತಳಕ್ಕೆ ಒದಗುತ್ತದೆ. ಗಾಳಿಗೆ ಬಾಳೆಹಣ್ಣು ಕಪ್ಪಾಗದಂತೆ ಎರಡು ಹನಿ ನಿಂಬೆರಸ ಹಿಂಡಬೇಕು. ಮಳೆಗಾಲದ ಮೊದಲಿಗೆ ನೇರಳೆಹಣ್ಣಿನ ತಿರುಳು ಕಡುನೇರಳೆಯ ಪದರು ಕೊಡುತ್ತದೆ. ಹಸಿ ಅನಾನಸನ್ನು ಮಾತ್ರ ಹಾಲಿನೊಡನೆ ಸೇರಿಸಬಾರದು. ಅದರೊಳಗಿನ ಕಿಣ್ವವು ಹಾಲಿನ ಸಸಾರಜನಕವನ್ನು ಒಡೆದು ಕಹಿಯಾಗಿಸುತ್ತದೆ. ಬೇಯಿಸಿದ ಅನಾನಸಿಗೆ ಈ ದೋಷವಿಲ್ಲ.

ಎಚ್ಚರಿಕೆಯ ಮಾತು

ಒಣ ಬೀಜವನ್ನು ಬಾಯಿಗೆ ಹಾಕಿ ಮೇಲೆ ನೀರು ಕುಡಿಯಲೇಬಾರದು. ಅದು ಗಂಟಲಿನ ಕೆಳಗೆ, ಅನ್ನನಾಳದಲ್ಲಿಯೇ ಉಬ್ಬಿ ಅಡ್ಡಿಯಾಗಬಲ್ಲದು. ಹೀಗೆ ಮಾಡಿ ಅನ್ನನಾಳ ಕಟ್ಟಿಕೊಂಡ ರೋಗಿಯೊಬ್ಬನ ಸಂಗತಿಯನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದ್ದಾರೆ. ನುಂಗಲು ತೊಂದರೆಯಿರುವವರು ಇದರ ಗೋಜಿಗೆ ಹೋಗದಿರುವದು ಲೇಸು. ರಕ್ತ ತೆಳುವಾಗಿಸುವ ಅಥವಾ ರಕ್ತದೊತ್ತಡದ ಔಷಧ ಸೇವಿಸುವವರು ವೈದ್ಯರನ್ನು ಕೇಳಬೇಕು. ಹೊಸದಾಗಿ ತಿನ್ನುವವರು ಒಂದೇ ಚಮಚೆ ಬೀಜದಿಂದ ಆರಂಭಿಸಿ, ದಿನವಿಡೀ ಸಾಕಷ್ಟು ನೀರು ಕುಡಿಯಬೇಕು. ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ. ಶೀತಪೆಟ್ಟಿಗೆ ಇಲ್ಲದ ಖೋಲಿಯಲ್ಲಿ ರಾತ್ರಿ ಕಲಸಿಟ್ಟ ಹಾಲು ಮುಂಬಯಿ, ಮದರಾಸುಗಳಂಥ ಸೆಕೆಯಲ್ಲಿ ಕೆಡುತ್ತದೆ. ಅಂಥವರು ಬೆಳಿಗ್ಗೆಯೇ ಕಲಸಿ ಬೆಳಿಗ್ಗೆಯೇ ತಿನ್ನತಕ್ಕದ್ದು.

ಲಾಭವೆಷ್ಟು?

100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು, 17 ಗ್ರಾಂ ಸಸಾರಜನಕ, 630 ಮಿಲಿಗ್ರಾಂ ಸುಣ್ಣದಂಶ ಇವೆ. ನಮ್ಮ ಒಂದು ಗ್ಲಾಸಿನಲ್ಲಿ ಬೀಳುವದು ಇದರ ಕಾಲುಪಾಲು. ನಾರು ಹೆಚ್ಚಾದ್ದರಿಂದ ಹಸಿವು ಬೇಗ ಕಾಡುವದಿಲ್ಲ. ಆದರೆ ಇದು ಸಂಜೀವಿನಿಯಲ್ಲ. ಇದನ್ನು ತಿಂದರೆ ಮೈ ಇಳಿಯುತ್ತದೆ, ರೋಗ ಹೋಗುತ್ತದೆ ಎಂದು ಸಾರುವ ಜಾಹೀರಾತುಗಳನ್ನು ನಂಬಿ ದುಡ್ಡು ಕಳೆಯಬೇಕಾಗಿಲ್ಲ. ಚಿಯಾದ ಹೆಗ್ಗಳಿಕೆಯಾದ ಒಮೆಗಾ-3 ಎಣ್ಣೆಯಂಶ ನಮ್ಮ ಅಗಸೆಯಲ್ಲಿಯೂ ಧಾರಾಳವಾಗಿದೆ. ಸುಣ್ಣದಂಶವನ್ನು ಎಳ್ಳು, ರಾಗಿಗಳೂ ಕೊಡುತ್ತವೆ. ಊರಿನಿಂದ ಅಗಸೆಯ ಹಿಂಡಿಯೂ ರಾಗಿಯ ಹಿಟ್ಟೂ ಬರುತ್ತಿದ್ದರೆ ಅದನ್ನು ಬಿಟ್ಟು ಇದಕ್ಕೆ ಹಂಬಲಿಸುವ ಕಾರಣವಿಲ್ಲ.

ಆದರೆ ಬರಿಯ ಚಹದ ಮೇಲೆ ಕೆಲಸಕ್ಕೆ ಓಡುವವನಿಗೆ, ಬೆಂಕಿಯಿಲ್ಲದೆ ಅರ್ಧ ತಾಸಿನಲ್ಲಿ ಸಿದ್ಧವಾಗುವ ಈ ಗ್ಲಾಸು ಮಧ್ಯಾಹ್ನದ ಊಟದವರೆಗೆ ಆಧಾರವಾಗುತ್ತದೆ. ಒಬ್ಬನಿಗೆ ಒಂದು ಇಡೀ ಹಣ್ಣು ಹೆಚ್ಚಾಗುವದರಿಂದ, ಒಂದೇ ಖೋಲಿಯ ಇಬ್ಬರು ಮೂವರು ಕೂಡಿ ಮಾಡಿಕೊಂಡರೆ ಖರ್ಚೂ ಕಡಿಮೆ, ಹಣ್ಣೂ ಹಾಳಾಗುವದಿಲ್ಲ.