ಬೆಟ್ಟಕ್ಕೆ ಹೊರಡುವ ಮುನ್ನ: ತಟ್ಟೆ ತೊಳೆಯುವವರು ಯಾರು?

ದಸರಾ ರಜೆ ಹತ್ತಿರ ಬಂತೆಂದರೆ ನಾಲ್ಕು ಮನೆಯ ಗೆಳತಿಯರು ಸೇರಿ, "ಈ ಸಲವಾದರೂ ಎಲ್ಲರೂ ಒಟ್ಟಿಗೆ ಎಲ್ಲಿಗಾದರೂ ಹೋಗಿಬರೋಣ" ಎಂದು ಮಾತಾಡಿಕೊಳ್ಳುತ್ತಾರೆ. ಮೈಸೂರು, ಮಂಡ್ಯ, ಕೊಳ್ಳೇಗಾಲದ ಕಡೆಯವರಾದರೆ ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದ ಹೆಸರು ಬಂದೇ ಬರುತ್ತದೆ. ಯಾವ ಗಾಡಿ, ಏನು ಅಡುಗೆ, ತಲೆಗೆ ಎಷ್ಟು ಹಣ ಎಂಬ ಚರ್ಚೆಯೆಲ್ಲ ನಡೆಯುತ್ತದೆ. ಅಲ್ಲಿ ಬಿಟ್ಟುಬರುವ ಕಸದ ಬಗ್ಗೆ ಮಾತ್ರ ಯಾರೂ ಮಾತೆತ್ತುವುದಿಲ್ಲ.

ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. ಮಕ್ಕಳು ಮರಿ ಸೇರಿ ಇಪ್ಪತ್ತು ಮಂದಿ ಎಂದಿಟ್ಟುಕೊಳ್ಳಿ. ತಿಂಡಿ, ಊಟಕ್ಕೆ 40 ತಟ್ಟೆ. ಎರಡು ಸಲದ ಚಹಾಕ್ಕೆ 40 ಲೋಟ. ತಲೆಗೆ ಎರಡರಂತೆ 40 ನೀರಿನ ಬಾಟಲಿ. ಚಿಪ್ಸ್, ಬಿಸ್ಕತ್ತಿನ ಪೊಟ್ಟಣಗಳನ್ನು ಬಿಟ್ಟೇ 120 ಆಯಿತು. ಒಂದು ಗುಂಪು, ಒಂದು ದಿನ! ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಮ್ಮ ರಾಜ್ಯ ಸರಕಾರ 2016ರಲ್ಲಿಯೂ, ಕೇಂದ್ರ ಸರಕಾರ 2022ರ ಜುಲೈ 1ರಿಂದಲೂ ನಿಷೇಧಿಸಿವೆ. ಕಾಗದದ ಲೋಟವಲ್ಲವೇ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಅದರ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುವಾದ ಪದರ ಇರುತ್ತದೆ. ಇಲ್ಲದಿದ್ದರೆ ಬಿಸಿ ಚಹಾ ಅದರಲ್ಲಿ ನಿಲ್ಲುವುದಾದರೂ ಹೇಗೆ?

ಅದು ಯಾರ ಮನೆ?

ಬೆಟ್ಟದ ಕಾಡು 1974ರಲ್ಲಿ ವನ್ಯಧಾಮವಾಯಿತು, 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಸುಮಾರು 574 ಚದರ ಕಿ.ಮೀ. ವಿಸ್ತಾರದ ಈ ಕಾಡಿನಲ್ಲಿ ಆನೆ, ಕಾಟಿ, ಕಡವೆ, ಸೀಳುನಾಯಿ, ಚಿರತೆಗಳಿವೆ. ಹಕ್ಕಿಗಳ ಜಾತಿಗಳೇ ಇನ್ನೂರಕ್ಕೂ ಹೆಚ್ಚು. ಉಪ್ಪು ಖಾರ ಅಂಟಿದ ಪೊಟ್ಟಣವನ್ನು ಜಿಂಕೆ, ಕೋತಿಗಳು ನೆಕ್ಕುತ್ತಾ ನುಂಗಿಬಿಡುತ್ತವೆ. ಹೊಟ್ಟೆ ಸೇರಿದ ಪ್ಲಾಸ್ಟಿಕ್ ಕರಗುವುದಿಲ್ಲ, ಮೂಕಪ್ರಾಣಿ ಯಾರಲ್ಲಿ ಹೇಳಿಕೊಂಡೀತು?

ಪ್ರವಾದಿವರ್ಯರು(ಸ) ಮದೀನಾದ ಸುತ್ತಲಿನ ಪ್ರದೇಶವನ್ನು ಹರಮ್ ಎಂದು ಸಾರಿ, ಅಲ್ಲಿನ ಮರಗಳನ್ನು ಕಡಿಯಬಾರದು, ಪ್ರಾಣಿಗಳನ್ನು ಬೇಟೆಯಾಡಬಾರದು ಎಂದು ಆಜ್ಞಾಪಿಸಿದ್ದರು. ಆದ್ದರಿಂದ ಕಾಯ್ದಿಟ್ಟ ನೆಲ ಎಂಬ ವಿಚಾರ ನಮಗೆ ಹೊಸದಲ್ಲ. ನಮ್ಮ ಸಮುದಾಯದಿಂದಲೇ ಬಂದ ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ಅದಕ್ಕೂ ಹಿಂದಿನ ಅವರ ಕಾಡಿನ ಅಲೆದಾಟಗಳಲ್ಲಿ ಪತ್ನಿ ತೆಹ್ಮಿನಾ ಜೊತೆಗಿರುತ್ತಿದ್ದರು. ಡೇರೆಯಲ್ಲಿ ಸಂಸಾರ ನಡೆಸಿದ ಆ ಹೆಣ್ಣುಮಗಳು 1939ರಲ್ಲಿ ತೀರಿಕೊಂಡರು. ಅವರ ಬಗ್ಗೆ ನಮ್ಮ ಹುಡುಗಿಯರಿಗೆ ಯಾರೂ ಹೇಳುವುದೇ ಇಲ್ಲ.

ಪ್ರಾಣಿ ಪಕ್ಷಿಗಳಷ್ಟೇ ಅಲ್ಲ, ತಲೆತಲಾಂತರಗಳಿಂದ ಸೋಲಿಗರು ಈ ಕಾಡಿನ ಪೋಡುಗಳಲ್ಲಿ ಬಾಳುತ್ತಿದ್ದಾರೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿ ಸಂಗ್ರಹಿಸುವುದು ಅವರ ಬದುಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಾಮುದಾಯಿಕ ಹಕ್ಕುಗಳೂ ದೊರೆತವು. ನಾವು ಹೋಗುವುದು ಅವರ ಅಂಗಳಕ್ಕೆ. ಹೆಂಗಸರ, ಮಕ್ಕಳ ಫೋಟೋ ತೆಗೆಯುವ ಮುನ್ನ ಕೇಳಿ. ನಮ್ಮ ಮನೆಯ ಬಾಗಿಲಲ್ಲಿ ನಿಂತು ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಾದೀತು? ಖರ್ಚು ಮಾಡುವ ಮನಸ್ಸಿದ್ದರೆ ಅವರು ಮಾರುವ ಜೇನುತುಪ್ಪ ಕೊಳ್ಳಿ.

ಇನ್ನು ತಟ್ಟೆಯ ಮಾತು

ಪರಿಸರದ ಲೇಖನಗಳಲ್ಲಿ "ಮನೆಯಿಂದ ಸ್ಟೀಲ್ ತಟ್ಟೆ ಒಯ್ಯಿರಿ" ಎಂದು ಬರೆದು ಮುಗಿಸಿಬಿಡುತ್ತಾರೆ. ಬರೆದವರು ತಟ್ಟೆ ತೊಳೆದವರಲ್ಲ ಎಂದು ಆಗಲೇ ಗೊತ್ತಾಗುತ್ತದೆ! ಎಸೆಯುವ ತಟ್ಟೆಗಳು ನಮ್ಮ ಮನೆಗಳಿಗೆ ಬಂದದ್ದು ಶೋಕಿಗಾಗಿ ಅಲ್ಲ. ವರ್ಷಕ್ಕೊಮ್ಮೆ ಹೊರಗೆ ಹೋದಾಗಲೂ ಪಾತ್ರೆ ರಾಶಿಯ ಮುಂದೆ ಕೂರಬೇಕಾದ ಹೆಣ್ಣಿಗೆ ಅದು ಬಿಡುಗಡೆಯಂತೆ ಕಂಡಿತು. ಕಾಡನ್ನು ಉಳಿಸುವ ಹೊರೆಯನ್ನೂ ಅವಳ ಕೈಗೇ ಹಾಕಿದರೆ ಆ ಪ್ರವಾಸ ಅವಳ ಪಾಲಿಗೆ ಪ್ರವಾಸವಲ್ಲ, ಅಡುಗೆಮನೆಯ ವರ್ಗಾವಣೆ ಅಷ್ಟೇ.

ಆದ್ದರಿಂದ ಹೊರಡುವ ವಾರ ಮೊದಲೇ, ಗಂಡಸರೂ ಕುಳಿತಿರುವಾಗಲೇ, ಒಂದು ಮಾತು ಆಗಿಬಿಡಲಿ. ಪ್ರತಿಯೊಬ್ಬರೂ ತಮ್ಮ ಚೀಲದಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ನೀರಿನ ಬಾಟಲಿ, ಒಂದು ತುಂಡು ಬಟ್ಟೆ ತರಬೇಕು. ಉಂಡವರು ತಮ್ಮ ತಟ್ಟೆಯನ್ನು ತಾವೇ ಒರೆಸಿ ಚೀಲಕ್ಕೆ ಹಾಕಬೇಕು. ಏಳು ವರ್ಷದ ಮಗನಿಗೂ ಅದೇ ನಿಯಮ, ಅವನ ಅಜ್ಜನಿಗೂ ಅದೇ. ತೊಳೆಯುವ ಕೆಲಸ ಅವರವರ ಮನೆಯಲ್ಲಿ, ಆದಷ್ಟೂ ಅವರವರ ಕೈಯಲ್ಲಿ. ತೊರೆಯಲ್ಲಿ ಸೋಪು ಹಾಕಿ ತೊಳೆಯುವುದು ಬೇಡ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ), ಅವರು ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು ಎಂದಿದ್ದಾರೆ. ಗೊಣಗುವವರಿದ್ದರೆ ಈ ಸುನ್ನತನ್ನು ನಗುತ್ತಲೇ ನೆನಪಿಸಿ.

ಅಡುಗೆಯೂ ಹಾಗೆಯೇ. ಕಾಡಿನ ಬದಿಯಲ್ಲಿ ಒಲೆ ಹೂಡಿ ಬಿರಿಯಾನಿ ಮಾಡುವ ಆಸೆಯನ್ನು ಬಿಟ್ಟುಬಿಡಿ. ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು ಕಾನೂನಿಗೆ ವಿರುದ್ಧ, ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಒಂದು ಕಿಡಿ ಸಾಕು. ಮೂಳೆ, ಮಿಕ್ಕ ಅನ್ನದ ವಾಸನೆಗೆ ಕಾಡುಹಂದಿಯಂಥ ಪ್ರಾಣಿಗಳು ರಸ್ತೆಬದಿಗೆ ಬರುವುದನ್ನು ಕಲಿಯುತ್ತವೆ. ಜೊತೆಗೆ, ಬೆಟ್ಟದ ತುದಿಯಲ್ಲಿ ರಂಗನಾಥನ ದೇವಾಲಯವಿದೆ, ದೂರದೂರಿನ ಭಕ್ತರು ಬರುವ ಜಾಗ. ಅಲ್ಲಿಗೆ ಮಾಂಸದ ಡಬ್ಬಿ ಒಯ್ಯದಿರುವುದು ನೆರೆಹೊರೆಯ ಮರ್ಯಾದೆ. ಚಿತ್ರಾನ್ನ, ಪರಾಠ, ಆಲೂ ಪಲ್ಯ, ಉಪ್ಪಿನಕಾಯಿ ಸಾಕು. ಬಿರಿಯಾನಿಯನ್ನು ಮರುದಿನ ಮನೆಯಲ್ಲೇ ಮಾಡಿದರಾಯಿತು, ಮಾಡುವ ಸರದಿ ಯಾರದೆಂದು ಆಮೇಲೆ ನೋಡೋಣ.

ಹಣ್ಣಿನ ಸಿಪ್ಪೆ, ಬೀಜ ಕೊಳೆಯುತ್ತವೆ ತಾನೆ, ಎಸೆದರೇನು ಎಂದು ಹಲವರು ಕೇಳುತ್ತಾರೆ. ರಸ್ತೆಯ ಇಕ್ಕೆಲಗಳಲ್ಲೂ ಬಣ್ಣದ ಹೂಗೊಂಚಲು ಬಿಟ್ಟು ಪೊದೆಯಾಗಿ ಹಬ್ಬಿರುವ ಲಂಟಾನವನ್ನು ಮಕ್ಕಳಿಗೆ ತೋರಿಸಿ. ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ಹೊರದೇಶದಿಂದ ತಂದ ಗಿಡ ಅದು. ಅದರ ಹಣ್ಣು ತಿಂದ ಹಕ್ಕಿಗಳಿಂದ ಬೀಜ ಕಾಡು ಸೇರಿ, ಇಂದು ನೆಲದ ಹುಲ್ಲು, ಎಳೆ ಸಸಿಗಳು ಮೇಲೇಳದಂತೆ ಮುಚ್ಚಿಬಿಟ್ಟಿದೆ.

ನೀರಿನ ವಿಷಯಕ್ಕೆ ಬಂದರೆ, ಎರಡು ದೊಡ್ಡ ಕ್ಯಾನುಗಳಲ್ಲಿ ಕುಡಿಯುವ ನೀರು ಒಯ್ದರೆ ಬಾಟಲಿಗಳು ಬೇಕಾಗುವುದಿಲ್ಲ. ವುಝೂ ಮಾಡಲು ನೀರೆಲ್ಲಿ ಎಂಬ ಚಿಂತೆಯೂ ಬೇಡ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು ಎಂದು ಹದೀಸ್‌ಗಳಲ್ಲಿದೆ. ಈಗಿನ ಅಳತೆಯಲ್ಲಿ ಮುಕ್ಕಾಲು ಲೀಟರಿನ ಆಸುಪಾಸು. ನಲ್ಲಿ ತಿರುಗಿಸಿಟ್ಟು ವುಝೂ ಮಾಡುವ ನಾವು ಮನೆಯಲ್ಲೇ ಒಂದು ತಂಬಿಗೆ ಹಿಡಿದು ಅಭ್ಯಾಸ ಮಾಡಿ ನೋಡಬಹುದು. ಲುಹರ್ ನಮಾಝ್‌ಗೆ ಶುಚಿಯಾದ ಜಾಗ, ಒಂದು ಚಾಪೆ ಸಾಕು. ಮರದ ನೆರಳು ಚೆನ್ನಾಗಿದೆಯೆಂದು ಕಾಡಿನೊಳಗೆ ಮಾತ್ರ ಹೋಗಬೇಡಿ.

ಹೇಳಲು ಸಂಕೋಚಪಡುವ ಸಂಗತಿಯೂ ಒಂದಿದೆ. ಮಗುವಿನ ಡೈಪರ್, ನಮ್ಮ ಪ್ಯಾಡ್‌ಗಳನ್ನು ಪೊದೆಯ ಮರೆಗೆ ಎಸೆಯುವುದು, ಶೌಚಾಲಯದ ಗುಂಡಿಗೆ ಹಾಕುವುದು ಬೇಡ. ಅವುಗಳಲ್ಲಿ ಪ್ಲಾಸ್ಟಿಕ್ ಇರುತ್ತದೆ, ನಾಯಿ ಹಂದಿಗಳು ಎಳೆದಾಡುತ್ತವೆ. ಹಳೆಯ ಪತ್ರಿಕೆಯ ಹಾಳೆ, ಮುಚ್ಚಳವಿರುವ ಒಂದು ಡಬ್ಬಿ ಚೀಲದಲ್ಲಿದ್ದರೆ ಮುಜುಗರವಿಲ್ಲದೆ ಮನೆಗೆ ತರಬಹುದು. ಜನರ ದಾರಿ, ನೆರಳು, ನೀರಿನ ತಾಣಗಳನ್ನು ಹೊಲಸು ಮಾಡುವುದು ಶಾಪಕ್ಕೆ ಕಾರಣ ಎಂಬ ಪ್ರವಾದಿ ಎಚ್ಚರಿಕೆ ನಿಮಗೆ ಗೊತ್ತೇ ಇದೆ.

ಗಾಡಿ ಯಾವುದು? ನಾಲ್ಕು ಮನೆಗೆ ನಾಲ್ಕು ಕಾರು ಹೊರಟರೆ ಹೊಗೆಯೂ ನಾಲ್ಕು ಪಟ್ಟು, ಮಾತುಕತೆಯ ಸುಖವೂ ಇಲ್ಲ. ಕೊಳ್ಳೇಗಾಲ, ಯಳಂದೂರು, ಚಾಮರಾಜನಗರಗಳಿಂದ ಬೆಟ್ಟಕ್ಕೆ ಸರಕಾರಿ ಬಸ್ಸಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ, ಗುರುತಿನ ಚೀಟಿ ಮರೆಯದಿರಿ. ಜಾತ್ರೆಯ ದಿನಗಳನ್ನು, ಆದರೆ ಭಾನುವಾರವನ್ನೂ ತಪ್ಪಿಸಿ. ಯಳಂದೂರಿನಲ್ಲಿ ಬಸ್ ಬದಲಿಸುವಾಗ ಸಮಯ ಸಿಕ್ಕರೆ ಬಳೆ ಮಂಟಪ ನೋಡಿ, ಕಲ್ಲಿನಲ್ಲಿ ಬಳೆಗಳ ಸರಪಳಿ ಕಡೆದ ಶಿಲ್ಪಿಯ ಕೈಚಳಕಕ್ಕೆ ಬಳೆ ತೊಡುವ ಕೈಗಳು ಮೆಚ್ಚದೆ ಇರಲಾರವು. ಇದೇ ಯಳಂದೂರು, ಟಿಪ್ಪು ಸುಲ್ತಾನರ ಬಳಿ ಮಂತ್ರಿಯಾಗಿದ್ದ ಪೂರ್ಣಯ್ಯನವರಿಗೆ ಮುಂದೆ ಜಹಗೀರಾಗಿ ದೊರೆತ ಊರು.

ಪ್ರಾಣಿಗಳನ್ನು ನೋಡಬೇಕೆಂದರೆ ಕೆ. ಗುಡಿಯ ಸಫಾರಿಯಲ್ಲೇ ಹೋಗಬೇಕು, ಮೊದಲೇ ವಿಚಾರಿಸಿಕೊಳ್ಳಿ. ಸೋಲಿಗರು ಪೂಜಿಸುವ ಶತಮಾನಗಳಷ್ಟು ಹಳೆಯ ದೊಡ್ಡ ಸಂಪಿಗೆ ಮರ ಕಾಡಿನೊಳಗಿದೆ, ಅಲ್ಲಿಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಕತ್ತಲಾಗುವ ಮೊದಲೇ ಅರಣ್ಯದ ಚೆಕ್‌ಪೋಸ್ಟ್ ದಾಟಬೇಕಾದ್ದರಿಂದ ಕೊನೆಯ ಬಸ್ಸಿನ ಹೊತ್ತನ್ನು ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ. ಕಸದ ಚೀಲವನ್ನು ಯಳಂದೂರಿನ ಬಸ್ ನಿಲ್ದಾಣದ ಮೂಲೆಯಲ್ಲಿ ಇಳಿಸಿಬಿಡಬೇಡಿ, ಅದೂ ಒಂದು ಊರೇ. ಯಾರ ಮನೆಯ ಮುಂದೆ ಮರುದಿನ ಕಸದ ಗಾಡಿ ಮೊದಲು ಬರುತ್ತದೋ ಅವರು ಅದನ್ನು ಒಯ್ಯಲಿ.