ವೇಗಸ್ ಏರ್‌ಪೋರ್ಟಿನ ಸ್ಲಾಟ್ ಯಂತ್ರಗಳು ಯಾರವು?

ಲಾಸ್ ವೇಗಸ್‌ಗೆ ಹೋಗಿಬಂದವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: "ಏರ್‌ಪೋರ್ಟಿನ ಸ್ಲಾಟ್ ಯಂತ್ರಗಳೆಲ್ಲ ಸ್ಟ್ರಿಪ್ ಎಂಬ ರಸ್ತೆಯ ದೊಡ್ಡ ಕ್ಯಾಸಿನೊಗಳವೇ. ಬಂದಿಳಿದವರಿಗೆ ರುಚಿ ಹತ್ತಲಿ ಅಂತ ಅಲ್ಲಿ ಬೇಕೆಂದೇ ಗೆಲ್ಲಿಸುತ್ತಾರೆ." ಪ್ರತಿ ಜನವರಿ ಅಲ್ಲಿನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಹೋಗುವ ನಮ್ಮ ಬೆಂಗಳೂರಿನ ಎಂಜಿನಿಯರುಗಳ ಬಾಯಲ್ಲೂ ಇದೇ ಮಾತು ಕೇಳಿದಾಗ ಸಿಟ್ಟು ಬರುತ್ತದೆ. ಲೆಕ್ಕ ಬಲ್ಲವರು ಇವರು! ಸ್ಟ್ರಿಪ್‌ನವರು ಗೆಲ್ಲಿಸುವುದಕ್ಕೆ ಆ ಯಂತ್ರಗಳು ಅವರವೇ ಅಲ್ಲ.

2021ರ ಕೊನೆಯಲ್ಲಿ ಹ್ಯಾರಿ ರೀಡ್ ಹೆಸರು ಪಡೆದ ಆ ನಿಲ್ದಾಣ ಕ್ಲಾರ್ಕ್ ಕೌಂಟಿಯ ಆಸ್ತಿ. ಲಾಸ್ ವೇಗಸ್ ನಗರಾಡಳಿತದ್ದೂ ಅಲ್ಲ. ನಿಲ್ದಾಣವಿರುವ ಪ್ಯಾರಡೈಸ್ ಎಂಬ ಪ್ರದೇಶ ಆ ನಗರದ ಗಡಿಯಿಂದ ಆಚೆಗಿದೆ. ಹಾಗಂತ ಕೌಂಟಿಯವರೇ ಕೂತು ಜೂಜು ನಡೆಸುವುದಿಲ್ಲ. ಜಾಗ ಅವರದು, ಯಂತ್ರ ನಡೆಸುವ ಗುತ್ತಿಗೆ ಲೈಸೆನ್ಸ್ ಇರುವ ಖಾಸಗಿಯವರದು. ದಶಕಗಳಿಂದ ಆ ಗುತ್ತಿಗೆ ಮೈಕಲ್ ಗಾನ್ ಅವರ ಕಂಪನಿಯದು. ಅವರಿಗೆ ಸೌತ್ ಪಾಯಿಂಟ್ ಎಂಬ ಸ್ವಂತ ಕ್ಯಾಸಿನೊ ಇರುವುದು ನಿಜ, ಆದರೆ ಅದಿರುವುದು ಸ್ಟ್ರಿಪ್‌ನ ಹೋಟೆಲ್ ಸಾಲಿನಿಂದ ಮೈಲಿಗಟ್ಟಲೆ ದಕ್ಷಿಣಕ್ಕೆ. ಏರ್‌ಪೋರ್ಟಿನಲ್ಲಿ ಬರುವ ಆದಾಯದ ದೊಡ್ಡ ಪಾಲು ನಿಲ್ದಾಣಕ್ಕೇ ಸೇರುತ್ತದೆ. ನಿಲ್ದಾಣದ ಆದಾಯವನ್ನು ನಿಲ್ದಾಣಕ್ಕೇ ಖರ್ಚು ಮಾಡಬೇಕು ಎನ್ನುವುದು ಅಮೆರಿಕದ ಕಾನೂನು. ಅಲ್ಲಿ ಸೋತ ಡಾಲರು ಟರ್ಮಿನಲ್, ರನ್‌ವೇಗಳ ಖರ್ಚಿಗೆ ಹೋಗುತ್ತದೆ. ಎದುರಿನ ಹೋಟೆಲಿಗೆ ಗಿರಾಕಿ ಹಿಡಿದುಕೊಡಲು ನಿಲ್ದಾಣದವರು ತಮ್ಮ ಗಲ್ಲಾ ಬರಿದು ಮಾಡಿಕೊಳ್ಳುವುದೇಕೆ?

ಯಂತ್ರ ಸ್ಟ್ರಿಪ್‌ನವರದಲ್ಲ ಎನ್ನಲು ಪುರಾವೆ ಆಟಗಾರನ ಕೈಯಲ್ಲೇ ಇರುತ್ತದೆ. ಗೇಟಿನ ಕುರ್ಚಿಗಳ ಪಕ್ಕದ ಯಂತ್ರದಲ್ಲಿ ಆಟ ಮುಗಿಸಿ ಗುಂಡಿ ಒತ್ತಿದರೆ ನಾಣ್ಯ ಸುರಿಯುವುದಿಲ್ಲ, ಬಾರ್‌ಕೋಡ್ ಇರುವ ಚೀಟಿ ಬರುತ್ತದೆ. ಅದನ್ನು ಅಲ್ಲೇ ನಗದು ಮಾಡಿಕೊಳ್ಳಬೇಕು. ಸ್ಟ್ರಿಪ್‌ನ ಹೋಟೆಲಿಗೆ ಒಯ್ದರೆ ಅದು ಬರೀ ಕಾಗದ.

ಎಲ್ಲ ಯಂತ್ರಕ್ಕೂ ಒಬ್ಬನೇ ಧಣಿ ಎಂದುಕೊಳ್ಳುವುದೂ ತಪ್ಪು. ಮೆಗಾಬಕ್ಸ್‌ನಂಥ ಯಂತ್ರಗಳು ನೆವಾಡದ ಎಷ್ಟೋ ಕ್ಯಾಸಿನೊಗಳ ಯಂತ್ರಗಳೊಂದಿಗೆ ಒಂದೇ ಜಾಲದಲ್ಲಿರುತ್ತವೆ. ಎಲ್ಲ ಕಡೆಯ ಪಣದ ಒಂದಂಶ ಒಂದೇ ಜಾಕ್‌ಪಾಟಿಗೆ ಕೂಡುತ್ತದೆ. ಅದನ್ನು ಕೊಡುವವರು ತಯಾರಕರಾದ ಐಜಿಟಿಯವರು. ಇಂಥ ಬಹುಮಾನ ಏರ್‌ಪೋರ್ಟಿನಲ್ಲಿ ಹೊಡೆದರೂ ಅದು ನಿಲ್ದಾಣದ ಔದಾರ್ಯವಲ್ಲ.

ಬಹಳ ಹೊತ್ತು ಕೊಡದ ಯಂತ್ರ ಇನ್ನೇನು ಕೊಟ್ಟೇಬಿಡುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ, ಪ್ರತಿ ಸುತ್ತೂ ಹೊಸದೇ. ಸರ್ಕಾರಿ ಜಾಗ, ಮೋಸವಿರಲಿಕ್ಕಿಲ್ಲ, ಚೆನ್ನಾಗಿ ಕೊಡಬಹುದು ಎನ್ನುವವರು ತಿಳಿಯಲಿ: ನೆವಾಡದ ನಿಯಮ ಕೇಳುವುದು ದೀರ್ಘಾವಧಿಯಲ್ಲಿ ಕನಿಷ್ಠ ಶೇ. 75ರಷ್ಟು ವಾಪಸಾಗಬೇಕು ಎಂದಷ್ಟೆ. ಸ್ಲಾಟ್ ಯಂತ್ರಗಳಿರುವ ಏರ್‌ಪೋರ್ಟ್ ಅದೊಂದೇ ಎನ್ನುವ ಮಾತೂ ತಪ್ಪು. ಅದೇ ರಾಜ್ಯದ ರೀನೋ ಏರ್‌ಪೋರ್ಟಿನಲ್ಲೂ ಅವು ಇವೆ.

ಇಷ್ಟಾದರೂ ಮೊದಲ ಮಾತು ಸಾಯುವುದಿಲ್ಲ. ಗೆದ್ದವನು ಫೋಟೊ ಹಿಡಿದು ಊರಿಗೆಲ್ಲ ಕಳಿಸುತ್ತಾನೆ, ಸೋತವರು ಬಾಯಿ ಮುಚ್ಚಿಕೊಂಡು ವಿಮಾನ ಹತ್ತುತ್ತಾರೆ. ಆ ಒಂದು ಫೋಟೊ ನೋಡಿದವರು ಸಂಚಿನ ಕಥೆ ಕಟ್ಟುತ್ತಾರೆಯೇ ಹೊರತು, ಯಂತ್ರ ಯಾರದ್ದು ಎಂದು ಕೇಳುವುದಿಲ್ಲ. ಎಲೆಕ್ಟ್ರಿಕ್ ಕೆಟಲ್ ಕೊಳ್ಳುವಾಗಲೂ ಹತ್ತು ಕಡೆ ವಿಚಾರಿಸುವವರು, ಇಲ್ಲಿ ಮಾತ್ರ ಕೇಳಿದ್ದನ್ನೆಲ್ಲ ನಂಬುತ್ತಾರೆ.

ಆಡುವವರು ಆಡಲಿ. ಗೆದ್ದ ಹಣದ ಬಗ್ಗೆ ತಕರಾರು ಎದ್ದರೆ ಏರ್‌ಲೈನಿನ ಕೌಂಟರಿಗೆ ಓಡಬೇಡಿ, ಯಂತ್ರ ನಡೆಸುವವರ ಸಿಬ್ಬಂದಿಯನ್ನು ಕರೆಸಿ. ಇತ್ಯರ್ಥವಾಗದ ತಕರಾರು 500 ಡಾಲರ್ ಅಥವಾ ಅದಕ್ಕೂ ಹೆಚ್ಚಿನದ್ದಾದರೆ, ಅವರು ನೆವಾಡ ಗೇಮಿಂಗ್ ಕಂಟ್ರೋಲ್ ಬೋರ್ಡಿಗೆ ತಕ್ಷಣ ತಿಳಿಸಲೇಬೇಕು.